ಎಷ್ಟು ಗೀತಾ, ಎಷ್ಟನೇ ಗೀತಾ

ಪಟ್ಟಿಯ ಪ್ರತಿ ಹೆಸರಿಗೂ ಅದು ಎಷ್ಟನೇ ಸಲ ಬಂತೆಂಬ ಅಂಕಿ ಅಂಟಿಸಬೇಕು. ಪಟ್ಟಿಯಲ್ಲಿ ಗೀತಾ, ರವಿ, ಗೀತಾ, ಗೀತಾ ಇದ್ದಾರೆ. ಎಷ್ಟು ಗೀತಾ? ಮೂರು. ಇವಳು ಎಷ್ಟನೇ ಗೀತಾ? ಅದು ಬೇರೆಯೇ ಪ್ರಶ್ನೆ. ಕನ್ನಡದಲ್ಲಿ ಒಂದು ‘ನೇ’ ಸೇರಿಸಿದರೆ ಮುಗಿಯಿತು. ಕೋಡ್ ಬರೆಯುವಾಗ ಮಾತ್ರ ‘ಎಷ್ಟು’ ಎಂದು ಕೇಳಿ ‘ಎಷ್ಟನೇ’ಯ ಉತ್ತರಕ್ಕೆ ಕಾಯುವುದು ರೂಢಿ. ಬರುವುದು: ಗೀತಾ-3, ರವಿ-1, ಗೀತಾ-3, ಗೀತಾ-3. ಮೂವರೂ ಮೂರನೆಯವರೇ!

ಪೈಥಾನ್‌ನಲ್ಲಿ ಲೂಪಿನೊಳಗೆ (ಹೆಸರುಗಳನ್ನು ಒಂದೊಂದಾಗಿ ನೋಡುತ್ತ ಹೋಗುವಾಗ) ಒಟ್ಟು ಎಣಿಸುವ ಕೌಂಟ್ ಕರೆದರೆ ಆಗುವುದು ಇದೇ. ಸಾಲದ್ದಕ್ಕೆ ಅದು ಪ್ರತಿ ಹೆಸರಿಗೂ ಇಡೀ ಪಟ್ಟಿಯನ್ನು ತಡಕುತ್ತದೆ; 10,000 ಹೆಸರಿದ್ದರೆ 10 ಕೋಟಿ ಹೋಲಿಕೆ. ಬೇಕಾದದ್ದು ಒಂದು ಖಾಲಿ ಡಿಕ್ಷನರಿ, ಅಂದರೆ ಹೆಸರಿನ ಎದುರು ಅದರ ಲೆಕ್ಕ ಬರೆದಿಡುವ ಕೋಷ್ಟಕ. ಹೆಸರು ಬಂತೇ, ಅದರ ಹಳೇ ಲೆಕ್ಕ ತೆಗೆಯಿರಿ (ಇಲ್ಲದಿದ್ದರೆ ಸೊನ್ನೆ), ಒಂದು ಕೂಡಿಸಿ, ವಾಪಸ್ ಇಡಿ, ಆ ಅಂಕಿಯನ್ನೇ ಹೆಸರಿಗೆ ಅಂಟಿಸಿ. ಪೈಥಾನ್‌ನಲ್ಲಿ ಕೋಷ್ಟಕಗಳನ್ನು ನಿಭಾಯಿಸುವ ಪಾಂಡಾಸ್ ಲೈಬ್ರರಿಯ ಕ್ಯುಮ್‌ಕೌಂಟ್‌ಗೆ ‘ಎಷ್ಟನೇ’ ಅರ್ಥವಾಗುತ್ತದೆ, ಆದರೆ ಅದು ಸೊನ್ನೆಯಿಂದ ಶುರುಮಾಡುತ್ತದೆ. ಒಂದು ಕೂಡಿಸಲು ಮರೆತರೆ ‘ಸೊನ್ನೆಯನೇ ಗೀತಾ’ ಪ್ರತ್ಯಕ್ಷ. ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದೇ ತರದ ಸಾಲುಗಳನ್ನು ಒಂದಾಗಿಸುವ ಯುನೀಕ್ ಕಮಾಂಡಿಗೆ ಪಕ್ಕದವರಷ್ಟೇ ಗೊತ್ತು. ನಡುವೆ ರವಿ ಕೂತರೆ ಗೀತಾ ಹೊಸಬಳು. ಅದಕ್ಕೇ ಮೊದಲು ಸಾರ್ಟ್, ಅಂದರೆ ಅಕ್ಷರಕ್ರಮದಲ್ಲಿ ಜೋಡಣೆ.

ಕಣ್ಣಿಗೆ ಒಂದೇ ಕಾಣುವ ಗೀತಾಗಳು ಲೆಕ್ಕದಲ್ಲಿ ಇಬ್ಬರಾಗುವುದೂ ಉಂಟು. ‘ಗೀ’ಯನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್ ಎರಡು ಬಗೆಯಲ್ಲಿ ಒಪ್ಪುತ್ತದೆ: ಗುಡಿಸಿನ ದೀರ್ಘ ಒಂದೇ ಸಂಕೇತವಾಗಿ, ಇಲ್ಲವೇ ಗುಡಿಸು ಬೇರೆ, ದೀರ್ಘ ಬೇರೆ. ಬಿಡಿ ಸಂಕೇತಗಳನ್ನು ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಒಂದಾಗುತ್ತಾರೆ. ಬಾಲಕ್ಕಂಟಿದ ಸ್ಪೇಸ್, ತುದಿಯ ಖಾಲಿ ಜಾಗ ಕತ್ತರಿಸುವ ಸ್ಟ್ರಿಪ್‌ಗೆ ಉದುರುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಅವಿತಿರುವ ಜೀರೋ ವಿಡ್ತ್ ನಾನ್ ಜಾಯ್ನರ್ (ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ) ಎರಡಕ್ಕೂ ಜಗ್ಗದು. ಅದನ್ನು ಹೋಲಿಕೆಗೆಂದು ಮಾಡಿಕೊಂಡ ಪ್ರತಿಯಿಂದಷ್ಟೇ ಕಿತ್ತುಹಾಕಿ. ಮೂಲದಿಂದ ಕಿತ್ತರೆ ಹೆಸರೇ ಕೆಡುತ್ತದೆ.

ಇನ್ನು ಒಂಟಿ ರವಿಗೆ ಅಂಕಿ ಯಾಕೆ ಎಂಬ ಔದಾರ್ಯ. ಒಂಟಿಯೋ ಅಲ್ಲವೋ ಎಂದು ತಿಳಿಯಲು ಮೊದಲು ‘ಎಷ್ಟು’, ಆಮೇಲೆ ‘ಎಷ್ಟನೇ’. ಅಂದರೆ ಪಟ್ಟಿಯನ್ನು ಎರಡು ಸಲ ಓದಬೇಕು. ಆಗಲೇ ಯಾರೋ ಪುಣ್ಯಾತ್ಮರು ಕೈಯಾರೆ ಟೈಪಿಸಿಟ್ಟ ‘ಗೀತಾ-2’ ಎದುರಾಗುತ್ತದೆ. ಅದೂ ಒಂಟಿ, ಹಾಗೇ ಉಳಿಯುತ್ತದೆ. ನಮ್ಮ ಎರಡನೇ ಗೀತಾಗೂ ಅದೇ ಹೆಸರು ಬೀಳುತ್ತದೆ. ಮೂಲ ಹೆಸರುಗಳನ್ನೆಲ್ಲ ಒಂದು ಸೆಟ್‌ಗೆ (ಪ್ರತಿ ಹೆಸರನ್ನೂ ಒಮ್ಮೆಯಷ್ಟೇ ಇಟ್ಟುಕೊಳ್ಳುವ ಸಂಗ್ರಹಕ್ಕೆ) ಹಾಕಿಟ್ಟು, ಹೊಸ ಹೆಸರು ಅದರಲ್ಲಿದ್ದರೆ ಮುಂದಿನ ಅಂಕಿಗೆ ಜಿಗಿಯಬೇಕು. ಕೊಟ್ಟ ಹೆಸರನ್ನೂ ಸೆಟ್‌ಗೆ ಸೇರಿಸುತ್ತ ಹೋಗಬೇಕು.

ಕೊನೆಗೆ ಸಾರ್ಟ್ ಮಾಡಿದರೆ ಗೀತಾ-10 ಬಂದು ಗೀತಾ-2ರ ಮುಂದೆ ಕೂರುತ್ತಾಳೆ, ಅಕ್ಷರಗಳಾಗಿ ನೋಡಿದರೆ 2ಕ್ಕಿಂತ 1 ಚಿಕ್ಕದಲ್ಲವೇ? 02 ಎಂದು ಬರೆಯಿರಿ. 99ರವರೆಗೆ ನೆಮ್ಮದಿ.