ಕನ್ನಡಕದೊಳಗಿನ ಕೆರೆ

ಮೊನ್ನೆ ಭಾನುವಾರ ಇನ್ನೂ ಕಟ್ಟದೇ ಇರುವ ಮನೆಯ 14ನೇ ಮಹಡಿ ಬಾಲ್ಕನಿಯಲ್ಲಿ ನಿಂತು ಸೂರ್ಯಾಸ್ತ ನೋಡಿ ಬಂದೆ. ಆಗ ಬೆಳಿಗ್ಗೆ ಹನ್ನೊಂದೂವರೆ ಗಂಟೆ. ಜಾಗ, ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಒಬ್ಬ ಬಿಲ್ಡರ್‌ನ ಎಕ್ಸ್‌ಪೀರಿಯೆನ್ಸ್ ಸೆಂಟರ್.

ಮೊದಲು ಇದನ್ನೇ ಸೈಟ್ ಆಫೀಸ್ ಅಂತಿದ್ದರು. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಯಲ್ಲಿ ತಿಮ್ಮಪ್ಪನ ಕ್ಯಾಲೆಂಡರ್ ಇರುತ್ತಿತ್ತು. ಈಗ ಕತ್ತಲೆ ಕೋಣೆ, ನೀಲಿ ಲೈಟು, ಗೋಡೆಯಷ್ಟು ದೊಡ್ಡ ಟಚ್ ಸ್ಕ್ರೀನು. ತಿಮ್ಮಪ್ಪ ಮಾತ್ರ ಕಾಣಲಿಲ್ಲ. ಅವನ ಅಗತ್ಯ ಈಗಲೇ ಜಾಸ್ತಿ, ಆ ಮಾತು ಬೇರೆ.

ಜೊತೆಗೆ ನಮ್ಮ ಮಾವ ಬಂದಿದ್ದರು. ತಿಪಟೂರಿನವರು, ತೆಂಗಿನ ತೋಟದ ಮನುಷ್ಯ. ಟೈ ಕಟ್ಟಿದ ಹುಡುಗ ಬಂದು ಅವರ ಮುಖಕ್ಕೆ, ಇಲ್ಲದ್ದನ್ನು ಇದ್ದ ಹಾಗೆ ತೋರಿಸುವ ವಿಆರ್ ಕನ್ನಡಕ ಬಿಗಿದ. ಗಾಣದೆತ್ತಿಗೆ ಕಣ್ಣು ಕಟ್ಟಿದ ಹಾಗಿತ್ತು. ಮಾವ ಎರಡು ಹೆಜ್ಜೆ ಇಟ್ಟರು, ಬಾಲ್ಕನಿ ಕಂಬಿ ಹಿಡಿಯೋಕೆ ಕೈ ಚಾಚಿದರು, ನನ್ನ ಕಾಫಿ ಕಪ್ಪು ನೆಲಕ್ಕೆ ಬಿತ್ತು.

"ನೋಡಿ ಸರ್, ಎಷ್ಟು ಇಂಟರಾಕ್ಟಿವ್!" ಅಂದ ಹುಡುಗ.

"ಅಳಿಯಂದ್ರೇ, ಇಲ್ಲೊಂದು ಕೆರೆ ಐತೆ. ಬಾತುಕೋಳಿ ಬೇರೆ," ಅಂದರು ಮಾವ.

ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿ ಬಂದು ಸ್ಕೂಟರಿನವರ ಮುಖಕ್ಕೆ ಮೆತ್ತಿಕೊಂಡದ್ದನ್ನು ನೋಡಿದ ಊರು ಇದು. ಕೆರೆಗೆ ಬೆಂಕಿ ಬಿದ್ದದ್ದನ್ನೂ ನೋಡಿದ್ದೇವೆ. ಆದರೆ ಕನ್ನಡಕದ ಕೆರೆಯಲ್ಲಿ ನೊರೆ ಇಲ್ಲ, ವಾಸನೆ ಇಲ್ಲ, ಸೊಳ್ಳೆಯೂ ಇಲ್ಲ. ಬಾತುಕೋಳಿ ಒಂದೇ ಸುತ್ತನ್ನು ಮತ್ತೆ ಮತ್ತೆ ಹೊಡೆಯುತ್ತಿತ್ತು. ಪಾಪ, ಅದಕ್ಕೂ ಹೋಗೋಕೆ ಬೇರೆ ಕೆರೆ ಇರಲಿಲ್ಲವೇನೋ.

ಮಾವ ಬಾಗಿಲು ಯಾವ ದಿಕ್ಕಿಗೆ ಅಂತ ಕೇಳಿದರು. ದಕ್ಷಿಣ. "ಬ್ಯಾಡಪ್ಪ" ಅಂದರು. ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ. ಸ್ಕ್ರೀನ್ ಮೇಲೆ ಬೆರಳಿಟ್ಟು ಇಡೀ ಕಟ್ಟಡವನ್ನೇ ತಿರುಗಿಸಿದ. ಬಾಗಿಲು ಪೂರ್ವಕ್ಕೆ ಬಂತು. ಅದರ ಜೊತೆ ರಸ್ತೆ, ಕೆರೆ, ಮುಳುಗುತ್ತಿದ್ದ ಸೂರ್ಯ ಎಲ್ಲಾ ತಿರುಗಿದವು. ಸೂರ್ಯ ಈಗ ದಕ್ಷಿಣದಲ್ಲಿ ಮುಳುಗುತ್ತಿದ್ದ. ವಾಸ್ತು ಸರಿಹೋಯಿತು, ಖಗೋಳ ಸ್ವಲ್ಪ ಹೆಚ್ಚುಕಮ್ಮಿ ಆಯಿತು, ಅಷ್ಟೇ.

ಹಾಲ್ ಅಂತೂ ಮೈದಾನ. ನನಗೆ ಅನುಮಾನ ಬಂದದ್ದು ಸೋಫಾ ನೋಡಿದಾಗ. ಮೂರು ಜನರ ಸೋಫಾ ಅಂತೆ. ನಮ್ಮ ಮನೆಯವಳು ಒಬ್ಬಳೇ ಕೂತರೆ ಆ ಕಡೆ ಒಂದು ದಿಂಬಿಗೆ ಜಾಗ ಸಿಕ್ಕರೆ ಹೆಚ್ಚು. ಮಂಚದಲ್ಲಿ ಕಾಲು ಚಾಚುವ ಹಾಗಿಲ್ಲ. ಬೀರು ಇಲ್ಲವೇ ಇಲ್ಲ. ವರ್ಚುವಲ್ ಜನಕ್ಕೆ ಸೀರೆ, ರಗ್ಗು, ಹಳೇ ಮಿಕ್ಸಿ ಯಾವುದೂ ಇರೋದಿಲ್ಲವಲ್ಲ.

"ಒಟ್ಟು ಎಷ್ಟು ಚದರ?" ಮಾವ ಕೇಳಿದರು.

"1,450 ಚದರಡಿ ಸರ್, ಸೂಪರ್ ಬಿಲ್ಟಪ್."

"ಅಂದ್ರೆ ಹದಿನಾಲ್ಕೂವರೆ ಚದರ. ಒಳಗೆ ಎಷ್ಟು?"

ಹುಡುಗನ ಬೆರಳು ಮೊದಲ ಸಲ ಸ್ಕ್ರೀನ್ ಬಿಟ್ಟು ಟೈಗೆ ಹೋಯಿತು. ಕಾರ್ಪೆಟ್ ಏರಿಯಾ 1,000ದ ಆಸುಪಾಸು ಅಂತೆ. ಉಳಿದ ನಾಲ್ಕೂವರೆ ಚದರ ಎಲ್ಲಿ? ಗೋಡೆ, ಲಿಫ್ಟು, ಮೆಟ್ಟಿಲು, ಲಾಬಿಯಲ್ಲಿ. ಮಾವ ಲೆಕ್ಕ ಹಾಕಿದರು. "ಲಾಬಿಯಲ್ಲಿ ನಮ್ಮ ಪಾಲಿಗೆ ಬರೋ ಜಾಗದಲ್ಲಿ ಹಾಸಿಗೆ ಹಾಸ್ಕೊಂಡು ಮಲಗಬಹುದಾ?" ಆ ಬಟನ್ ಸ್ಕ್ರೀನಿನಲ್ಲಿ ಇರಲಿಲ್ಲ.

ಕಾರ್ಪೆಟ್ ಏರಿಯಾ ಲೆಕ್ಕದಲ್ಲೇ ವ್ಯವಹಾರ ಆಗಲಿ ಅಂತ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಹೇಳುತ್ತದೆ. ಜಾಹೀರಾತು, ಮಾದರಿ ಮನೆ ನಂಬಿ ದುಡ್ಡು ಕೊಟ್ಟು ಮೋಸ ಹೋದರೆ ಬಡ್ಡಿ ಸಮೇತ ವಾಪಸ್ ಕೇಳಬಹುದು ಅಂತಲೂ ಅದರ 12ನೇ ಸೆಕ್ಷನ್ನಿನಲ್ಲಿದೆ. ಅದಕ್ಕೇ ಇರಬೇಕು, ಸೂರ್ಯಾಸ್ತದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಇದು ಕಲಾವಿದನ ಕಲ್ಪನೆ ಮಾತ್ರ. ಮನೆಯ ಕಲ್ಪನೆ ಕಲಾವಿದನದು, ಸಾಲ ಮಾತ್ರ ನನ್ನದು.

ಹಿಂದಿನ ರಾತ್ರಿ ನಾನು ಅವರ ಚಾಟ್‌ಬಾಟ್ ಜೊತೆಗೂ ಮಾತಾಡಿದ್ದೆ. "ಖಾತೆ ಎ ನಾ ಬಿ ನಾ?" ಅಂತ ಕೇಳಿದೆ, ಅಂದರೆ ಆಸ್ತಿಯ ದಾಖಲೆ ಪಕ್ಕಾ ಇದೆಯಾ ಅಂತ. "ಒಳ್ಳೆಯ ಪ್ರಶ್ನೆ! ನಮ್ಮಲ್ಲಿ ಈಜುಕೊಳ ಇದೆ" ಅಂದಿತು. "ಈ ಹಿಂದೆ ಕಟ್ಟಿದ ಕಟ್ಟಡಕ್ಕೆ ಓಸಿ, ಅಂದ್ರೆ ವಾಸಕ್ಕೆ ಅನುಮತಿ ಪತ್ರ ಸಿಕ್ಕಿದೆಯಾ?" ಅಂದೆ. "ನಿಮ್ಮ ಆಸಕ್ತಿ ಕಂಡು ಖುಷಿಯಾಯಿತು, ನಿಮ್ಮ ಬಜೆಟ್ ಎಷ್ಟು?" ಅಂತು. "ನೀರು?" ಅಂದೆ. ಕಾರಂಜಿಯ ವಿಡಿಯೋ ಕಳಿಸಿತು. ಕೊನೆಗೆ ಮೊಬೈಲ್ ನಂಬರ್ ಕೊಟ್ಟೆ ನೋಡಿ, ಅಲ್ಲಿಂದ ಶುರುವಾಯಿತು ನಿಜವಾದ ಇಂಟರಾಕ್ಷನ್. ಬೆಳಿಗ್ಗೆ ಸ್ನಾನಕ್ಕೆ ಹೋಗುವಷ್ಟರಲ್ಲಿ ಏಳು ಫೋನು. ಅದರಲ್ಲಿ ಎರಡು ಬೇರೆಯದೇ ಬಿಲ್ಡರ್‌ಗಳವು. ಒಬ್ಬಾತ ಜಮೀನು ಬೇಕಾ ಅಂದ. ಇನ್ನೊಬ್ಬ ಪರ್ಸನಲ್ ಲೋನ್ ಬೇಕಾ ಅಂದ. ಅವನೊಬ್ಬನೇ ನನ್ನ ಸ್ಥಿತಿ ಸರಿಯಾಗಿ ಅರ್ಥ ಮಾಡಿಕೊಂಡವನು.

ಹಾಗಂತ ತಂತ್ರಜ್ಞಾನವನ್ನು ಸುಮ್ನೆ ಬೈಯಬಾರದು. ಮನೆ ಕೊಟ್ಟ ಮೇಲೂ ಅದು ಕೈಬಿಡುವುದಿಲ್ಲ. ನನ್ನ ಸ್ನೇಹಿತನ ಅಪಾರ್ಟ್‌ಮೆಂಟಿನಲ್ಲಿ ದೂರು ಕೊಡಲು ಆ್ಯಪ್ ಇದೆ. ಬಾತ್‌ರೂಮಿನ ಗೋಡೆ ಸೋರುತ್ತಿದೆ ಅಂತ ಫೋಟೋ ಹಾಕಿದ. "ಚಿತ್ರ ಸ್ಪಷ್ಟವಾಗಿಲ್ಲ" ಅಂತ ಬಂತು. ಮತ್ತೆ ಹಾಕಿದ. ಮೂರು ದಿನ ಬಿಟ್ಟು "ಪರಿಹಾರವಾಗಿದೆ" ಅಂತ ನಗುಮುಖದ ಸಮೇತ ದೂರು ಮುಚ್ಚಿತು. ಗೋಡೆಯ ಕಲೆ ಈಗ ಕರ್ನಾಟಕದ ನಕ್ಷೆಯಂತೆ ಬೆಳೆದಿದೆ. ಬೀದರ್ ಸೀಲಿಂಗ್ ಮುಟ್ಟಿದೆ.

ಸೆಂಟರಿನಿಂದ ಹೊರಬಂದ ಮೇಲೆ ಮಾವ "ಜಾಗ ನೋಡ್ಕೊಂಡೇ ಹೋಗೋಣ" ಅಂದರು. ಹುಡುಗನಿಗೆ ಆಶ್ಚರ್ಯ. "ಎಲ್ಲಾ ತೋರಿಸಿದ್ನಲ್ಲ ಸರ್?" ಅಂದ.

ಎರಡು ಕಿಲೋಮೀಟರ್ ಆಚೆ ತಗಡಿನ ಬೇಲಿ. ಅದರ ಮೇಲೆ ನಗುವ ಸಂಸಾರದ ಚಿತ್ರ, ಪಕ್ಕದಲ್ಲಿ ಕ್ಯೂಆರ್ ಕೋಡ್. ಒಳಗೆ ಒಂದು ಹಲಸಿನ ಮರ, ಒಂದು ಶೆಡ್ಡು, ಕಾವಲಿಗೆ ರಾಯಚೂರು ಕಡೆಯ ಒಬ್ಬ ಅಜ್ಜ. ಮಾವ ಒಂದು ಬೀಡಿ ಕೊಟ್ಟರು. ಅಜ್ಜ ಶುರುಮಾಡಿದ. ಬೋರ್‌ವೆಲ್ ಎರಡು ಸಲ ಕೊರೆದರಂತೆ, ಬರೀ ಧೂಳು ಬಂತಂತೆ. ಕೆಲಸಕ್ಕೆ ನೀರು ದಿನಾ ಟ್ಯಾಂಕರಿಂದ. 2024ರ ಬೇಸಿಗೆಯಲ್ಲಿ ಟ್ಯಾಂಕರೂ ಬರಲಿಲ್ಲವಂತೆ. ಮಳೆ ಬಂದರೆ ಮಾತ್ರ ನೀರಿಗೆ ಬರವಿಲ್ಲ, ಮೊಣಕಾಲುದ್ದ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಈ ಭಾಗದ ಕೋಟಿ ಕೋಟಿ ವಿಲ್ಲಾದವರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದದ್ದನ್ನು ಟಿವಿಯಲ್ಲಿ ನೀವೂ ನೋಡಿರಬೇಕು.

"ಮತ್ತೆ ಕೆರೆ ಎಲ್ಲೈತೆ?" ಮಾವ ಕೇಳಿದರು.

ಅಜ್ಜ ಬೀಡಿ ಹಿಡಿದ ಕೈಯಿಂದ ನಮ್ಮ ಕಾಲ ಕೆಳಗೆ ತೋರಿಸಿದ. "ಇದರಾಗೇ ನಿಂತೀರಲ್ರೀ."

ವಾಪಸ್ ಬರುವಾಗ ಫೋನ್ ರಿಂಗಾಯಿತು. ರೆಕಾರ್ಡ್ ಮಾಡಿದ ಹೆಣ್ಣಿನ ದನಿ: ನಿಮ್ಮ ಇಂದಿನ ಅನುಭವ ಹೇಗಿತ್ತು, ಒಂದರಿಂದ ಐದರೊಳಗೆ ಒತ್ತಿ. ಮಾವ ಫೋನ್ ಕಸಿದುಕೊಂಡು ಒಂಬತ್ತು ಒತ್ತಿದರು.

"ಯಾಕೆ ಮಾವ?"

"ತಡೀರಿ, ಮನುಷ್ಯರು ಯಾರಾದ್ರೂ ಬರ್ತಾರೇನೋ ನೋಡಾನ."