ದೊಡ್ಡಮ್ಮ ಪಾಸ್, ಹೆಬ್ಬೆರಳು ಫೇಲ್

ಕುಂಜಿಬೆಟ್ಟಿನ ನಮ್ಮ ದೊಡ್ಡಮ್ಮನ ಮನೆಯಲ್ಲಿ ಈಗ ಬೆಳಗಾದರೆ ಸುಪ್ರಭಾತವಿಲ್ಲ, ಅಮೆರಿಕದ ಸಂವಿಧಾನ. ನ್ಯೂಜೆರ್ಸಿಯ ಅಣ್ಣ ಪೌರತ್ವ ಪರೀಕ್ಷೆಗೆ ಓದುತ್ತಿದ್ದಾನೆ. ಅಲ್ಲಿ ರಾತ್ರಿ ಊಟ ಮುಗಿಯುವ ಹೊತ್ತಿಗೆ ದೊಡ್ಡಮ್ಮ ಇಲ್ಲಿ ಹೆರೆಮಣೆ ಮೇಲೆ ಕೂತು, ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ, ಕಾಯಿ ಹೆರೆಯುತ್ತಾ ಪ್ರಶ್ನೆ ಕೇಳುತ್ತಾರೆ.

ಮೊದಲೆಲ್ಲ 100 ಪ್ರಶ್ನೆ ಓದಿ, ಕೇಳಿದ 10ರಲ್ಲಿ 6 ಹೇಳಿದರೆ ಆಗುತ್ತಿತ್ತು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರು 128 ಓದಬೇಕು. ಅಧಿಕಾರಿ 20 ಕೇಳುತ್ತಾನೆ, 12 ಸರಿಯಾಗಬೇಕು. ಅಣ್ಣನ 'ನಾಳೆ ಹಾಕಿದರಾಯ್ತು' ಎಂಬ ಹುಟ್ಟುಗುಣಕ್ಕೆ ಬಿದ್ದ ದಂಡ 28 ಪ್ರಶ್ನೆ.

"ಕೆಳಮನೆಯಲ್ಲಿ ಎಷ್ಟು ಜನ?"

"435."

"ನಮ್ಮ ಲೋಕಸಭೆಗೆ 543. ಅದೇ ಅಂಕಿ, ಅತ್ತಿತ್ತ ಮಾಡಿದ್ದಾರೆ ಅಷ್ಟೆ." ನಿವೃತ್ತ ಗಣಿತ ಟೀಚರ್, ಬಿಡುತ್ತಾರೆಯೇ! ತಿದ್ದುಪಡಿ 27 ಎಂದಾಗ ಮಾತ್ರ ಕೈ ನಿಂತಿತು. "ಇನ್ನೂರು ಚಿಲ್ಲರೆ ವರ್ಷಕ್ಕೆ ಇಪ್ಪತ್ತೇಳೇ ತೇಪೆಯಾ? ನಮ್ಮದು ಆಗಲೇ ನೂರು ದಾಟಿತು."

ಈಗ ದೊಡ್ಡಮ್ಮನಿಗೆ 128ಕ್ಕೆ 128 ಬಾಯಿಪಾಠ. ಅಣ್ಣ ಇನ್ನೂ ತೊಂಬತ್ತರ ಆಸುಪಾಸಿನಲ್ಲಿ ತಡವರಿಸುತ್ತಿದ್ದಾನೆ. (ಅಲ್ಲಿ ಪ್ರಮಾಣ ಸ್ವೀಕರಿಸಿದರೆ 1955ರ ಕಾಯ್ದೆಯ ಪ್ರಕಾರ ಇಲ್ಲಿನ ಪೌರತ್ವ ತಾನಾಗಿ ಕಳಚಿ ಬೀಳುತ್ತದೆ. ಬಿಡುವುದಕ್ಕೆ ಪರೀಕ್ಷೆ ಇಲ್ಲ, ಪುಣ್ಯ.)

ಅಷ್ಟರಲ್ಲಿ ನವೆಂಬರ್ ಬಂತು. ಪಿಂಚಣಿ ನಿಲ್ಲಬಾರದೆಂದರೆ ತಾನು ಬದುಕಿದ್ದೇನೆ ಎಂದು ದೊಡ್ಡಮ್ಮ ಬರೆದುಕೊಡಬೇಕು, ಅಂದರೆ ಯಂತ್ರಕ್ಕೆ ಹೆಬ್ಬೆರಳು ಒತ್ತಬೇಕು. ಕರೆದುಕೊಂಡು ಹೋದೆ. ಅರುವತ್ತು ವರ್ಷ ಹುಣಸೆ ಹಿಂಡಿ, ಸೀಮೆಸುಣ್ಣ ಹಿಡಿದು, ಪಾತ್ರೆ ತಿಕ್ಕಿದ ಬೆರಳು. ಗೆರೆ ಎಲ್ಲಿಂದ ಬರಬೇಕು? ಸೆರಗಿಗೆ ಒರೆಸಿ ಒತ್ತಿದರು. ಕೆಂಪು ದೀಪ. ಎಣ್ಣೆ ಸವರಿ ಒತ್ತಿದರು. ಕೆಂಪು. ಹತ್ತೂ ಬೆರಳು ಮುಗಿಯಿತು.

ಕೌಂಟರಿನ ಹುಡುಗ ಅವರದೇ ಶಿಷ್ಯ, ಎಂಟನೇ ಕ್ಲಾಸಿನಲ್ಲಿ ಕಿವಿ ಹಿಂಡಿಸಿಕೊಂಡವ. "ಟೀಚರ್, ನೀವು ಬದುಕಿದ್ದೀರಿ ಅಂತ ನಂಗೆ ಗೊತ್ತುಂಟು. ಸಿಸ್ಟಮ್‌ಗೆ ಗೊತ್ತಾಗಬೇಕಲ್ಲ?" ಎಂದು ಮೊಬೈಲ್ ಎತ್ತಿ ಹಿಡಿದ. "ಮುಖ ತೋರಿಸಿ, ಒಮ್ಮೆ ಕಣ್ಣು ಮಿಟುಕಿಸಿ."

"ಈ ವಯಸ್ಸಲ್ಲಿ ನಿಂಗೆ ಕಣ್ಣು ಹೊಡೀಬೇಕಾ ಮಾರಾಯ?"

ಹೊಡೆದರು. ಪೊರೆ ತೆಗೆಸಿದ ಕಣ್ಣು ಆ್ಯಪ್‌ಗೆ ಒಪ್ಪಿಗೆಯಾಗಲಿಲ್ಲ. "ನಾಳೆ ಬನ್ನಿ ಟೀಚರ್."

ದೊಡ್ಡಮ್ಮ ಏಳಲಿಲ್ಲ. ಕುರ್ಚಿ ಮುಂದೆ ಎಳೆದುಕೊಂಡರು. "ನೀನು ಬೇಕಾದರೆ ಪ್ರಶ್ನೆ ಕೇಳು ಮಗಾ. ಇಪ್ಪತ್ತಕ್ಕೆ ಇಪ್ಪತ್ತು ಹೇಳ್ತೇನೆ."