ಸಾರ್ವಜನಿಕ ಸಂಪರ್ಕ: ಕಲಿತು ಬರಬೇಕೆ, ಬಂದು ಕಲಿಯಬೇಕೆ?

ಈ ಬಾರಿಯ ಪ್ರಶ್ನೆ: ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿ ಕೆಲಸಕ್ಕೆ ಸೇರುವವರು ಆ ವೃತ್ತಿಯ ಮೂಲಪಾಠಗಳನ್ನು ತರಗತಿಯಲ್ಲಿ ಓದಿಯೇ ಬರಬೇಕೆ?

ಪರ

ಫೋನ್ ನಂಬರ್ ಇದ್ದರೆ ಸಾಲದು

(ಬರೆದವರು ಹನ್ನೊಂದು ವರ್ಷ ವರದಿಗಾರ್ತಿಯಾಗಿದ್ದವರು, ಈಗ ಸಾರ್ವಜನಿಕ ಸಂಪರ್ಕ ಕ್ಷೇತ್ರದಲ್ಲಿದ್ದಾರೆ)

‘ಹನ್ನೊಂದು ವರ್ಷ ಪತ್ರಿಕೆಯಲ್ಲಿ ದುಡಿದವಳಿಗೆ ಸಾರ್ವಜನಿಕ ಸಂಪರ್ಕವನ್ನು ಇನ್ನು ಯಾರು ಕಲಿಸಬೇಕು ಸಾರ್?’ ಖಾಸಗಿ ಆಸ್ಪತ್ರೆಯೊಂದರ ಸಂದರ್ಶನದಲ್ಲಿ ನಾನೇ ಹೀಗೆ ಕೇಳಿದ್ದೆ. ಎದುರು ಕುಳಿತಿದ್ದ ಆಡಳಿತಾಧಿಕಾರಿ ನಕ್ಕು ತಲೆಯಾಡಿಸಿದರು. ಊರಿನ ಎಲ್ಲ ವರದಿಗಾರರ ನಂಬರ್ ನನ್ನ ಮೊಬೈಲಿನಲ್ಲಿತ್ತು. ಅಷ್ಟು ಸಾಕೆಂದು ನನಗೂ ಅನಿಸಿತ್ತು, ಅವರಿಗೂ ಅನಿಸಿತ್ತು.

ಎಂಟೇ ತಿಂಗಳಲ್ಲಿ ಆ ಅಮಲು ಇಳಿಯಿತು. ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಮೂರನೇ ಮಹಡಿಯ ದಾಸ್ತಾನು ಕೋಣೆಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಹೊಗೆ ತುಂಬಿತು. ಪಕ್ಕದ ವಾರ್ಡಿನಲ್ಲಿದ್ದ ರೋಗಿಗಳನ್ನೆಲ್ಲ ಸಿಬ್ಬಂದಿ ಇಪ್ಪತ್ತು ನಿಮಿಷದಲ್ಲಿ ಕೆಳಗಿಳಿಸಿದರು. ಯಾರ ಕೂದಲೂ ಕೊಂಕಲಿಲ್ಲ. ಎದೆತಟ್ಟಿ ಹೇಳಿಕೊಳ್ಳುವಂಥ ಕೆಲಸ ಅದು. ನಾನು ಮಾಡಿದ್ದೇನು? ಮನೆಯಲ್ಲಿ ಕುಳಿತೇ ಆರು ಮಂದಿ ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ, ‘ಏನೂ ಆಗಿಲ್ಲ ಮಾರಾಯರೇ, ಬರೆಯಲು ಹೋಗಬೇಡಿ’ ಎಂದೆ. ಆರೂ ಮಂದಿ ಆಯಿತೆಂದರು. ನೆಮ್ಮದಿಯಾಗಿ ಮಲಗಿದೆ.

ಅಷ್ಟರಲ್ಲಿ ರೋಗಿಯೊಬ್ಬರ ಮಗ ಹೊಗೆಯ ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟಿದ್ದ. ಗೇಟಿನ ಕಾವಲುಗಾರ ಟಿ.ವಿ. ಕ್ಯಾಮೆರಾದ ಮುಂದೆ, ‘ಒಳಗೆ ತುಂಬಾ ಜನ ಇದ್ದರು ಸಾರ್’ ಎಂದಿದ್ದ. ಅದು ಸುಳ್ಳೂ ಅಲ್ಲ. ರಾತ್ರಿ ಪಾಳಿಯ ನರ್ಸ್‌ಗಳ ಮನೆಯವರು ಟಿ.ವಿ. ನೋಡಿ, ಗಾಬರಿಯಾಗಿ, ಸಿಕ್ಕ ಆಟೊ ಹತ್ತಿ ಬಂದಿದ್ದರು. ಬೆಳಿಗ್ಗೆಯ ಸುದ್ದಿ ಹೊಗೆಯ ಬಗ್ಗೆ ಇರಲಿಲ್ಲ, ಆಸ್ಪತ್ರೆ ಅದನ್ನು ಮುಚ್ಚಿಟ್ಟಿತು ಎಂಬುದರ ಬಗ್ಗೆ ಇತ್ತು. ನನ್ನ ಮಾತು ನಂಬಿ ಸುಮ್ಮನಿದ್ದ ಆರು ಮಂದಿಯೂ ತಮ್ಮ ತಮ್ಮ ಕಚೇರಿಯಲ್ಲಿ ಬೈಸಿಕೊಂಡರು. ಅವರಲ್ಲಿ ಇಬ್ಬರು ಇಂದಿಗೂ ನನ್ನ ಫೋನ್ ಎತ್ತುವುದಿಲ್ಲ.

ಮರುವರ್ಷ ಸಂಜೆ ತರಗತಿಯ ಡಿಪ್ಲೊಮಾಕ್ಕೆ ಸೇರಿದೆ. ಸಹಪಾಠಿಗಳು ನನಗಿಂತ ಹದಿನೈದು ವರ್ಷ ಚಿಕ್ಕವರು, ‘ಮೇಡಂ’ ಎಂದು ಕರೆದು ಕಿರಿಕಿರಿ ಮಾಡುತ್ತಿದ್ದರು. ಎರಡನೇ ವಾರದ ಪಾಠದಲ್ಲಿ ಮೇಷ್ಟ್ರು ಬೋರ್ಡಿನ ನಡುವೆ ಒಂದು ವೃತ್ತ ಬರೆದು, ಅದರ ಸುತ್ತ ಎಂಟು ವೃತ್ತ ಬರೆದರು. ನಡುವಿನದು ಸಂಸ್ಥೆ. ಸುತ್ತ ಇರುವವು ಸಿಬ್ಬಂದಿ, ಸಿಬ್ಬಂದಿಯ ಮನೆಯವರು, ಗ್ರಾಹಕರು, ಅಕ್ಕಪಕ್ಕದ ಬೀದಿಯವರು, ಸರ್ಕಾರಿ ಇಲಾಖೆಗಳು, ಹಣ ಹೂಡಿದವರು, ಸರಕು ಪೂರೈಸುವವರು, ಮಾಧ್ಯಮದವರು. ‘ಸಾರ್ವಜನಿಕರು’ ಎಂಬುದು ಒಂದು ಗುಂಪಲ್ಲ, ಹಲವು ಗುಂಪುಗಳು. ಒಬ್ಬೊಬ್ಬರಿಗೆ ಬೇಕಾದ ಮಾತು ಬೇರೆ, ಅದನ್ನು ಹೇಳುವ ಸರದಿಯೂ ಬೇರೆ. ಇಷ್ಟೇ ಪಾಠ. ಆ ರಾತ್ರಿ ನಾನು ಎಂಟು ವೃತ್ತಗಳಲ್ಲಿ ಒಂದಕ್ಕೆ ಮಾತ್ರ ಫೋನ್ ಮಾಡಿದ್ದೆ. ಅದೂ ಸುಮ್ಮನಿರಿ ಎಂದು ಹೇಳಲು.

ಇನ್ನೊಂದು ವಾರ ‘ಪ್ರಾಥಮಿಕ ಹೇಳಿಕೆ’ ಬರೆಯಿಸಿದರು. ಅನಾಹುತದ ಮೊದಲ ಗಂಟೆಯಲ್ಲಿ, ಪೂರ್ತಿ ವಿಷಯ ಗೊತ್ತಾಗುವ ಮೊದಲೇ ಕೊಡಬೇಕಾದದ್ದು. ನಾನು ನನ್ನ ಹೊಗೆಯನ್ನೇ ಬರೆದೆ: ‘ರಾತ್ರಿ 10.50ಕ್ಕೆ ಮೂರನೇ ಮಹಡಿಯ ದಾಸ್ತಾನು ಕೋಣೆಯಲ್ಲಿ ಹೊಗೆ ಕಾಣಿಸಿಕೊಂಡಿದೆ. ಪಕ್ಕದ ವಾರ್ಡಿನ ಎಲ್ಲ ರೋಗಿಗಳನ್ನು ನೆಲಮಹಡಿಗೆ ಸ್ಥಳಾಂತರಿಸಲಾಗಿದ್ದು, ಯಾರಿಗೂ ಗಾಯವಾಗಿಲ್ಲ. ಕಾರಣವನ್ನು ಪರಿಶೀಲಿಸಲಾಗುತ್ತಿದೆ. ಮುಂದಿನ ಮಾಹಿತಿಯನ್ನು ರಾತ್ರಿ 1 ಗಂಟೆಗೆ ನೀಡಲಾಗುವುದು.’ ನಾಲ್ಕು ವಾಕ್ಯ. ಮೇಷ್ಟ್ರು ಕೊನೆಯ ವಾಕ್ಯಕ್ಕೆ ಅಡಿಗೆರೆ ಎಳೆದರು. ಮತ್ತೆ ಯಾವಾಗ ಮಾತನಾಡುತ್ತೇವೆಂದು ಗಂಟೆ ಹೇಳಿಬಿಟ್ಟರೆ ವರದಿಗಾರ ಅಲ್ಲಿಯವರೆಗೆ ಕಾವಲುಗಾರನ ಬಾಯಿಗೆ ಮೈಕ್ ಹಿಡಿಯುವುದಿಲ್ಲ. ವರದಿಗಾರ್ತಿಯಾಗಿದ್ದಾಗ ನಾನೂ ಹಿಡಿಯುತ್ತಿರಲಿಲ್ಲ. ಗೊತ್ತಿದ್ದೂ ಹೊಳೆಯಲಿಲ್ಲವೆಂದರೆ, ಬೇಲಿಯ ಆಚೆ ನಿಂತು ಕಲಿತದ್ದು ಈಚೆ ಬಂದಾಗ ತಾನಾಗಿ ಕೈಗೆ ಬರುವುದಿಲ್ಲ ಎಂದೇ ಅರ್ಥ.

1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯಾ ರೈಲ್ವೆಯ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಪಘಾತವಾದರೆ ಪತ್ರಕರ್ತರನ್ನು ಹತ್ತಿರ ಬಿಡದಿರುವುದು ಆಗಿನ ರೈಲ್ವೆ ಕಂಪನಿಗಳ ವಾಡಿಕೆ. ಕಂಪನಿಯ ಸಲಹೆಗಾರ ಐವಿ ಲೀ ಅದನ್ನು ಮುರಿದ. ಸಂಗತಿಗಳನ್ನು ತಾನೇ ಬರೆದು ಪತ್ರಿಕೆಗಳಿಗೆ ಕೊಟ್ಟ, ವರದಿಗಾರರು ಸ್ಥಳಕ್ಕೆ ಹೋಗಲು ಏರ್ಪಾಡು ಮಾಡಿದ. ಆತ ಕೊಟ್ಟದ್ದನ್ನು ‘ನ್ಯೂಯಾರ್ಕ್ ಟೈಮ್ಸ್’ ಇದ್ದಂತೆಯೇ ಅಚ್ಚು ಹಾಕಿತು. ಪತ್ರಿಕಾ ಪ್ರಕಟಣೆಯ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ ಎನ್ನುತ್ತಾರೆ. ನೂರು ವರ್ಷ ಕಳೆದ ಮೇಲೆ ನಾನು ಫೋನ್ ಹಿಡಿದು ಬಾಯಿ ಮುಚ್ಚಿಸಲು ಹೊರಟಿದ್ದೆ.

ತರಗತಿಯಲ್ಲಿ ಮೊದಲ ದಿನದಿಂದ ತಲೆಗೆ ತುಂಬುವ ಸರಣಿ ಒಂದಿದೆ: ಮೊದಲು ಸಂಶೋಧನೆ, ಆಮೇಲೆ ಯೋಜನೆ, ಆಮೇಲೆ ಸಂವಹನ, ಕೊನೆಗೆ ಮೌಲ್ಯಮಾಪನ. ಸಂವಹನ ಮೂರನೆಯದು ಎಂಬುದನ್ನು ಗಮನಿಸಿ. ಸಂಶೋಧನೆ ಎಂದರೆ ಮಹಾಪ್ರಬಂಧವಲ್ಲ, ಆ ವಾರ ಊರಿನಲ್ಲಿ ಏನು ಕುದಿಯುತ್ತಿದೆ ಎಂದು ನೋಡಿಕೊಳ್ಳುವುದು. 2023ರ ಏಪ್ರಿಲ್ 5ರಂದು ಅಮುಲ್, ಬೆಂಗಳೂರಿಗೆ ಹಾಲು ಮೊಸರು ತರುತ್ತಿದ್ದೇವೆಂದು ಟ್ವೀಟ್ ಮಾಡಿತು. ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಬರೆಯಬೇಕೆಂಬ ಆದೇಶ ಪ್ರತಿಭಟನೆಗೆ ಮಣಿದು ಹಿಂದಕ್ಕೆ ಹೋಗಿ ಆಗಿನ್ನೂ ಒಂದು ವಾರವೂ ಆಗಿರಲಿಲ್ಲ. ವಿಧಾನಸಭೆಗೆ ಮತದಾನ ಮೇ 10ಕ್ಕೆ. ಮುಂದಿನದು ಎಲ್ಲರಿಗೂ ನೆನಪಿದೆ: ‘ನಂದಿನಿ ಉಳಿಸಿ’ ಎಂಬ ಕೂಗು, ನಂದಿನಿ ಹಾಲನ್ನೇ ಬಳಸುತ್ತೇವೆಂದು ಬೆಂಗಳೂರಿನ ಹೋಟೆಲ್ ಮಾಲೀಕರ ಘೋಷಣೆ, ಪಕ್ಷಗಳ ಹಗ್ಗಜಗ್ಗಾಟ. ಆನ್‌ಲೈನ್‌ನಲ್ಲಿ ಹಾಲು ಮಾರುವ ಒಂದು ಸಾಮಾನ್ಯ ಪ್ರಕಟಣೆಗೆ ಅಷ್ಟೆಲ್ಲ ಆಗಬೇಕಿರಲಿಲ್ಲ. ಟ್ವೀಟಿನ ಭಾಷೆಯಲ್ಲಿ ದೋಷವಿರಲಿಲ್ಲ, ಕ್ಯಾಲೆಂಡರ್ ನೋಡದೇ ಇದ್ದದ್ದು ದೋಷ.

ಮೌಲ್ಯಮಾಪನದ ಮಾತೂ ಅಷ್ಟೆ. ಮೂರು ವರ್ಷ ನಾನು ಪತ್ರಿಕಾ ತುಣುಕುಗಳನ್ನು ಕತ್ತರಿಸಿ, ಸ್ಕೇಲಿನಲ್ಲಿ ಅಳೆದು, ಕಾಲಂ ಸೆಂಟಿಮೀಟರನ್ನು ಜಾಹೀರಾತು ದರದಿಂದ ಗುಣಿಸಿ, ‘ಇಷ್ಟು ಲಕ್ಷದ ಪ್ರಚಾರ ಪುಕ್ಕಟೆ’ ಎಂದು ಆಡಳಿತ ಮಂಡಳಿಗೆ ಒಪ್ಪಿಸುತ್ತಿದ್ದೆ. ಆಸ್ಪತ್ರೆಯನ್ನು ಬೈದ ಸುದ್ದಿಯ ಸೆಂಟಿಮೀಟರನ್ನೂ ಒಮ್ಮೆ ಕೂಡಿಸಿದ್ದುಂಟು. ಈ ಲೆಕ್ಕ ಸಾರ್ವಜನಿಕ ಸಂಪರ್ಕದ ಬೆಲೆಯಲ್ಲ ಎಂದು 2010ರಲ್ಲೇ ಬಾರ್ಸಿಲೋನಾದಲ್ಲಿ ಸೇರಿದ ವೃತ್ತಿನಿರತರು ಒಪ್ಪಿ ಬರೆದಿಟ್ಟಿದ್ದರು. ನನಗೆ ಅದು ತಿಳಿದದ್ದು ಡಿಪ್ಲೊಮಾದ ಎರಡನೇ ಸೆಮಿಸ್ಟರಿನಲ್ಲಿ.

‘ಸಂಪರ್ಕ ಎಂದರೆ ಸಂಬಂಧ, ಅದನ್ನು ಪುಸ್ತಕ ಕಲಿಸುವುದಿಲ್ಲ’ ಎನ್ನುವವರಿದ್ದಾರೆ. ಪಕ್ಕದ ಲೇಖನದಲ್ಲೂ ಈ ಮಾತು ಬಂದೇ ಬರುತ್ತದೆ. ಇವರು ಹೇಳುವ ಸಂಬಂಧವನ್ನು ನಾನು ಹತ್ತಿರದಿಂದ ನೋಡಿದ್ದೇನೆ: ಪ್ರೆಸ್ ಕ್ಲಬ್ಬಿನಲ್ಲಿ ಕಾಫಿ, ದೀಪಾವಳಿಗೆ ಒಣಹಣ್ಣಿನ ಡಬ್ಬಿ, ಹೊಸ ವರ್ಷಕ್ಕೆ ಡೈರಿ. ಇದನ್ನು ಕಲಿಯಲು ನಿಜಕ್ಕೂ ಕಾಲೇಜು ಬೇಡ.

ಈಚೆಗೆ ಸಹಾಯಕರೊಬ್ಬರನ್ನು ಆರಿಸುವ ಸಂದರ್ಶನದಲ್ಲಿ ನಾನು ಮೇಜಿನ ಈಚೆ ಕುಳಿತಿದ್ದೆ. ಐದು ವರ್ಷ ಟಿ.ವಿ.ಯಲ್ಲಿ ಕೆಲಸ ಮಾಡಿದ ಹುಡುಗ, ಚುರುಕಾಗಿದ್ದ. ಎಲ್ಲ ವರದಿಗಾರರೂ ಪರಿಚಯ ಎಂದ. ಮೂರನೇ ಮಹಡಿಯಲ್ಲಿ ಹೊಗೆ ಕಾಣಿಸಿಕೊಂಡಿದೆ, ಮೊದಲು ಯಾರಿಗೆ ಫೋನ್ ಮಾಡುತ್ತೀರಿ ಎಂದು ಕೇಳಿದೆ.

‘ನಮ್ಮ ಹುಡುಗರಿಗೆ ಮೇಡಂ, ಸುದ್ದಿ ಹೋಗದ ಹಾಗೆ ನೋಡಿಕೊಳ್ಳುತ್ತೇನೆ’ ಎಂದ.

ವಿರೋಧ

ಸಿಲೆಬಸ್‌ನಲ್ಲಿ ಇಲ್ಲದ್ದು

(ಬರೆದವರು ಸಾರ್ವಜನಿಕ ವಲಯದ ಉದ್ದಿಮೆಯೊಂದರ ನಿವೃತ್ತ ಸಾರ್ವಜನಿಕ ಸಂಪರ್ಕಾಧಿಕಾರಿ)

‘ವಿರೋಧ ಬರೆಯಲು ಯಾರೂ ಸಿಗುತ್ತಿಲ್ಲ, ನೀವೇ ಬರೆದುಕೊಡಿ ಸಾರ್’ ಎಂದರು ಸಂಪಾದಕರು. ಪ್ರತಿ ಶನಿವಾರ ಕಾಲೇಜೊಂದರಲ್ಲಿ ಇದೇ ವಿಷಯ ಪಾಠ ಮಾಡುವ ಅತಿಥಿ ಉಪನ್ಯಾಸಕ ನಾನು. ಅದನ್ನು ಅವರಿಗೆ ನೆನಪಿಸಿದೆ. ‘ಹಾಗಿದ್ದರೆ ಇನ್ನೂ ಚೆನ್ನಾಗಿ ಬರುತ್ತದೆ’ ಎಂದರು. ಒಪ್ಪಿಕೊಂಡಾಗಿದೆ, ಬರೆಯುತ್ತೇನೆ.

ಪರ ಬರೆಯುವವರು ಐವಿ ಲೀಯ ಹೆಸರು ತೆಗೆದೇ ತೆಗೆಯುತ್ತಾರೆ. ತೆಗೆಯಲಿ. ಆತ ಯಾವ ತರಗತಿಯಲ್ಲಿ ಕಲಿತ? ಪತ್ರಿಕಾ ವರದಿಗಾರನಾಗಿದ್ದವನು, ಕೆಲಸ ಮಾಡುತ್ತ ಕಲಿತ. 1914ರಲ್ಲಿ ಕೊಲೊರಾಡೊದ ಲಡ್ಲೊದಲ್ಲಿ ಗಣಿ ಕಾರ್ಮಿಕರ ಮತ್ತು ಅವರ ಹೆಂಡತಿ ಮಕ್ಕಳ ಹತ್ಯೆಯಾದಾಗ, ಅದೇ ಲೀ ಆ ಗಣಿ ಕಂಪನಿಯ ಪ್ರಮುಖ ಒಡೆಯ ರಾಕ್‌ಫೆಲರ್ ಪರವಾಗಿ ತಪ್ಪು ಸಂಗತಿಗಳಿದ್ದ ಕರಪತ್ರಗಳನ್ನು ಹಂಚಿದ. ಲೇಖಕ ಅಪ್ಟನ್ ಸಿಂಕ್ಲೇರ್ ಅವನಿಗೆ ‘ಪಾಯ್ಸನ್ ಐವಿ’ ಎಂದು, ಮೈ ತುರಿಸುವ ಬಳ್ಳಿಯ ಹೆಸರಿಟ್ಟ. ಈ ವಿಷಯವನ್ನು ಮೊದಲ ಬಾರಿಗೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವನೆನ್ನುವ ಎಡ್ವರ್ಡ್ ಬರ್ನೇಸ್‌ನನ್ನೂ ನೋಡಿ. 1923ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. 1929ರಲ್ಲಿ ತಂಬಾಕು ಕಂಪನಿಯ ದುಡ್ಡಿಗೆ, ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಹೆಣ್ಣುಮಕ್ಕಳ ಕೈಗೆ ಸಿಗರೇಟು ಹಿಡಿಸಿ ಅದನ್ನು ‘ಸ್ವಾತಂತ್ರ್ಯದ ಪಂಜು’ ಎಂದು ಕರೆಸಿದವನು. ಮೊದಲ ಮೇಷ್ಟ್ರೇ ಹೀಗಿದ್ದರೆ ಶಿಷ್ಯರ ಮಾತು ಕೇಳಬೇಕೆ? ಇದು ಸ್ವಲ್ಪ ಅಡ್ಡವಾದ ವಾದ ಎಂದು ನನಗೂ ಗೊತ್ತು. ಆದರೆ ನಮ್ಮ ದೇಶದಲ್ಲಿ 1968ರಲ್ಲೇ ಅಂಗೀಕಾರವಾದ ವೃತ್ತಿ ನೀತಿಸಂಹಿತೆ ನಮ್ಮ ವಿದ್ಯಾರ್ಥಿಗಳಿಗೆ ಐದು ಅಂಕದ ಟಿಪ್ಪಣಿಯಾಗಿಯಷ್ಟೇ ಪರಿಚಯ ಎಂಬುದು ಅಡ್ಡ ವಾದವಲ್ಲ. ಉತ್ತರಪತ್ರಿಕೆ ತಿದ್ದುವವನು ನಾನೇ.

ಇನ್ನು ಟೈಲೆನಾಲ್. ಈ ಕಥೆ ಹೇಳದ ಮೇಷ್ಟ್ರಿಲ್ಲ. 1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಎಂಬ ನೋವುನಿವಾರಕ ಮಾತ್ರೆಗೆ ಸಯನೈಡ್ ಬೆರೆಸಿ ಏಳು ಜನ ಸತ್ತರು. ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿ ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ವಾಪಸು ತರಿಸಿ ಮರ್ಯಾದೆ ಉಳಿಸಿಕೊಂಡಿತು. ನಾನೂ ವರ್ಷಕ್ಕೊಮ್ಮೆ ಈ ಕಥೆ ಹೇಳುತ್ತೇನೆ, ಹುಡುಗರು ಭಕ್ತಿಯಿಂದ ಬರೆದುಕೊಳ್ಳುತ್ತಾರೆ. ಬಾಟಲಿ ವಾಪಸು ತರಿಸುವ ತೀರ್ಮಾನ ಸಾರ್ವಜನಿಕ ಸಂಪರ್ಕಾಧಿಕಾರಿಯ ಕೈಯಲ್ಲಿರುವುದಿಲ್ಲ, ಅಧ್ಯಕ್ಷರ ಕೋಣೆಯಲ್ಲಿ ಆಗುತ್ತದೆ ಎಂದು ಮಾತ್ರ ನಾನು ಹೇಳುವುದಿಲ್ಲ. ಆ ಕೋಣೆಗೆ ನಮ್ಮನ್ನು ಕರೆಯುವುದು ತೀರ್ಮಾನವಾದ ಮೇಲೆ, ಪ್ರೆಸ್‌ನೋಟ್ ಬರೆಯಲು. 2015ರಲ್ಲಿ ಮ್ಯಾಗಿ ನೂಡಲ್ಸ್‌ನಲ್ಲಿ ಸೀಸ ಹೆಚ್ಚಿದೆಯೆಂದು ವಿವಾದವಾದಾಗ ನೆಸ್ಲೆಯಂಥ ಕಂಪನಿಗೆ ಓದಿದವರ ಕೊರತೆ ಇತ್ತೆ? ಮೊದಮೊದಲು ಗಟ್ಟಿಯಾಗಿ ಬಾಯಿ ಬಿಡಲಿಲ್ಲ. ಜೂನ್ 5ರಂದು ನಿಷೇಧ ಬಂತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ತೆಗೆದು, ಹೊಸ ಪರೀಕ್ಷೆಗಳೆಲ್ಲ ಮುಗಿದು ನವೆಂಬರ್‌ನಲ್ಲಿ ಮತ್ತೆ ಅಂಗಡಿಗೆ ಬರುವ ಹೊತ್ತಿಗೆ ಐದು ತಿಂಗಳು ಕಳೆದಿತ್ತು. ಹಾಗೆಯೇ, 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳ ಜೆರ್ಸಿಯ ಮೇಲೆ ಕನ್ನಡ ಅಕ್ಷರದಲ್ಲಿ ‘ನಂದಿನಿ’ ಎಂದು ಕಂಡು ನಾವೆಲ್ಲ ಟಿ.ವಿ. ಮುಂದೆ ಎದ್ದು ಕುಳಿತೆವಲ್ಲ, ಅಂಥ ಯೋಚನೆ ಯಾವ ಪಠ್ಯಪುಸ್ತಕದ ಎಷ್ಟನೇ ಅಧ್ಯಾಯದಲ್ಲಿದೆ?

ನನ್ನ ವಿದ್ಯಾರ್ಥಿಯೊಬ್ಬನ ಕಥೆ ಹೇಳುತ್ತೇನೆ. ನನ್ನ ಪತ್ರಿಕೆಯಲ್ಲಿ ಎಂಬತ್ತೆಂಟು ಅಂಕ ತೆಗೆದವನು. ಮುಖ್ಯ ಸಂಗತಿ ಮೇಲೆ, ಉಳಿದದ್ದು ಕೆಳಗೆ ಎಂದು ತೋರಿಸುವ ತಲೆಕೆಳಗಾದ ಪಿರಮಿಡ್ಡಿನ ಚಿತ್ರವನ್ನು ಸ್ಕೇಲ್ ಹಿಡಿದು ಅಂದವಾಗಿ ಬರೆದಿದ್ದ. ಕೆಲಸಕ್ಕೆ ಸೇರಿ ಮೊದಲ ಪ್ರಕಟಣೆ ಹೊರಡಿಸಿದ. ‘ಇಂದಿನ ವೇಗದ ಯುಗದಲ್ಲಿ’ ಎಂದು ಶುರು. ಎರಡು ಪುಟ. ಕಾರ್ಯಕ್ರಮ ಎಲ್ಲಿ, ಯಾವತ್ತು ಎಂಬುದು ‘ಪ್ರಕಟಣೆಯ ಕೃಪೆಗಾಗಿ’ ಎಂಬುದಕ್ಕೆ ಸ್ವಲ್ಪ ಮೇಲೆ. ಅದನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿ, ಲೆಟರ್‌ಹೆಡ್‌ನಲ್ಲಿ ಮುದ್ರಿಸಿ, ಸಹಿ ಸೀಲು ಹಾಕಿ, ಮೊಬೈಲಿನಲ್ಲಿ ಓರೆಯಾಗಿ ಫೋಟೊ ತೆಗೆದು ರಾತ್ರಿ ಎಂಟೂವರೆಗೆ ಎಲ್ಲ ಪತ್ರಿಕೆಗಳ ವಾಟ್ಸ್‌ಆ್ಯಪ್‌ಗೆ ಕಳುಹಿಸಿದ. ಜಿಲ್ಲಾ ಪುಟಗಳನ್ನು ಕಟ್ಟಿ ಮುಗಿಸುವ ಹೊತ್ತು. ಫೋಟೊದಲ್ಲಿರುವುದನ್ನು ಆ ಹೊತ್ತಿನಲ್ಲಿ ಕುಳಿತು ಟೈಪ್ ಮಾಡುವವರು ಯಾರು? ಒಂದು ಪತ್ರಿಕೆಯಲ್ಲೂ ಬರಲಿಲ್ಲ. ಮಾರನೆಯ ದಿನ ನನಗೆ ಫೋನ್ ಮಾಡಿ, ‘ಪತ್ರಿಕೆಯವರಿಗೆ ನಮ್ಮ ಮೇಲೆ ಏನೋ ಸಿಟ್ಟಿದೆ ಸಾರ್’ ಎಂದ. ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸಿ, ಫೋಟೊಗೆ ಅಡಿಬರಹ ಬರೆದು, ಸಂಜೆ ನಾಲ್ಕರೊಳಗೆ ಕಳುಹಿಸು ಎಂಬ ವಾಕ್ಯ ನಮ್ಮ ಸಿಲೆಬಸ್‌ನಲ್ಲಿಲ್ಲ. ನಾನಾದರೂ ಹೇಳಬಹುದಿತ್ತು. ಸಿಲೆಬಸ್ ಮುಗಿಸುವ ಅವಸರದಲ್ಲಿದ್ದೆ.

ನನಗೆ ಇದನ್ನೆಲ್ಲ ಕಲಿಸಿದವರು ಪತ್ರಿಕೆಯೊಂದರ ಮುಖ್ಯ ಉಪಸಂಪಾದಕರು. ಆಗ ಪ್ರಕಟಣೆಯನ್ನು ಕವರಿನಲ್ಲಿಟ್ಟು ಸೈಕಲ್‌ನಲ್ಲಿ ಒಯ್ಯುತ್ತಿದ್ದೆ. ಒಂದು ಸಂಜೆ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು, ಒಂದೂವರೆ ಪುಟವನ್ನು ಕೆಂಪು ಶಾಯಿಯಲ್ಲಿ ಹೊಡೆದು ಹೊಡೆದು ಮೂರು ಸಾಲಿಗೆ ಇಳಿಸಿದರು. ‘ಇದರಲ್ಲಿ ಇರುವುದು ಇಷ್ಟೇ ಕಣಯ್ಯ’ ಎಂದು ಚಹಾ ಕುಡಿಸಿ ಕಳುಹಿಸಿದರು. ಮರುದಿನ ಆ ಮೂರು ಸಾಲು ಅಚ್ಚಾಗಿತ್ತು. ಆ ಮೇಜು ಈಗ ಇಲ್ಲ, ಅಷ್ಟು ಪುರುಸೊತ್ತು ಇರುವ ಉಪಸಂಪಾದಕರೂ ಇಲ್ಲ. ಹಾಗಿದ್ದ ಮೇಲೆ ಹುಡುಗರು ಬಂದು ಕಲಿಯುವುದು ಯಾರ ಹತ್ತಿರ ಎಂದು ಯಾರಾದರೂ ಕೇಳಿದರೆ, ಅದು ಪರ ಬರೆಯುವವರ ಕೆಲಸ, ನನ್ನದಲ್ಲ.

ಸಂಪಾದಕರು ಕೇಳಿದ್ದು ಎಂಟುನೂರು ಪದ. ಯೂನಿಕೋಡ್‌ನಲ್ಲಿಯೇ ಕಳುಹಿಸುತ್ತಿದ್ದೇನೆ, ನಾಲ್ಕು ಗಂಟೆಯ ಒಳಗೆ. ಜಾಗ ಉಳಿದರೆ ಫೋಟೊ ಹಾಕಿಕೊಳ್ಳಲಿ.